ಬೇಸಿಗೆ ರಜೆಯಲ್ಲಿ ಶಾಲಾ ಕೈತೋಟಕ್ಕೆ ನೀರು: ಹೂತ ಮಡಕೆಗಳ ಸ್ವಯಂ ನೀರಾವರಿ

ಜಿಲ್ಲೆಯ ಅನೇಕ ಸರ್ಕಾರಿ ಶಾಲೆಗಳಲ್ಲಿ ಹಾಗೂ ಅಂಗನವಾಡಿ ಕೇಂದ್ರಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಬೆಳೆಸಲಾಗುತ್ತಿದೆ. ನುಗ್ಗೆ, ಕರಿಬೇವು, ಬಸಳೆ, ಬದನೆ, ಟೊಮೆಟೊ, ಹೀರೆ ಮುಂತಾದವು ಮಕ್ಕಳ ಬಿಸಿಯೂಟಕ್ಕೆ ನೇರವಾಗಿ ಒದಗುತ್ತವೆ. ಮಳೆಗಾಲದಲ್ಲಿ ನೆಟ್ಟ ಗಿಡಗಳು ಮಾರ್ಚ್‌ವರೆಗೆ ಚೆನ್ನಾಗಿಯೇ ಇರುತ್ತವೆ. ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ಶಾಲೆಯ ಬಾಗಿಲು ಮುಚ್ಚಿದ ಮೇಲೆ ನೀರು ಹಾಕುವವರು ಇರುವುದಿಲ್ಲ. ಮೇ ಕೊನೆಗೆ ಶಾಲೆ ತೆರೆದಾಗ ತೋಟವಿದ್ದ ಜಾಗದಲ್ಲಿ ಒಣ ಕಡ್ಡಿಗಳು ಮಾತ್ರ ಉಳಿದಿರುತ್ತವೆ. ಪ್ರತಿ ವರ್ಷವೂ ಹೊಸದಾಗಿ ಸಸಿ, ಗೊಬ್ಬರ, ಬೇಲಿ ಎಂದು ಆರಂಭಿಸಬೇಕಾಗಿರುವುದರಿಂದ ಶಿಕ್ಷಕರ ಮತ್ತು ಅಡುಗೆ ಸಿಬ್ಬಂದಿಯ ಉತ್ಸಾಹವೂ ಕುಗ್ಗುತ್ತದೆ.

ಈ ಏಳು ವಾರಗಳ ಅವಧಿಯನ್ನು ದಾಟಿಸಲು ವಿದ್ಯುತ್ತಾಗಲಿ, ಟೈಮರ್ ಅಳವಡಿಸಿದ ದುಬಾರಿ ಉಪಕರಣವಾಗಲಿ ಅಗತ್ಯವಿಲ್ಲ. ಕುಂಬಾರರು ಮಾಡುವ ಬಣ್ಣ ಬಳಿಯದ ಮಣ್ಣಿನ ಮಡಕೆ, ಒಂದು ಡ್ರಮ್, ಒಂದು ಬಕೆಟ್, ಫ್ಲೋಟ್ ವಾಲ್ವ್ ಹಾಗೂ ಹನಿ ನೀರಾವರಿಯ ಪೈಪುಗಳು ಸಾಕು. ಗ್ರಾಮ ಪಂಚಾಯಿತಿ ಸದಸ್ಯರು ಮನಸ್ಸು ಮಾಡಿದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಹಕಾರದಿಂದ ಎರಡು ದಿನಗಳಲ್ಲಿ ಇದನ್ನು ಅಳವಡಿಸಬಹುದು.

ಮಡಕೆ ನೀರಾವರಿ ಹೊಸತೇನಲ್ಲ. ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರಚಿತವಾದ ಫಾನ್ ಶೆಂಗ್‌ಜಿಯ ಕೃಷಿ ಗ್ರಂಥದಲ್ಲಿಯೇ ಇದರ ವಿವರಣೆ ಇದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆ ಹೊರಮೈಯಲ್ಲಿ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಸುಟ್ಟ ಮಣ್ಣಿನ ಗೋಡೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ನೀರು ನಿಧಾನವಾಗಿ ಹೊರಬರುತ್ತದೆ. ಅದೇ ಮಡಕೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತರೆ, ಸುತ್ತಲಿನ ಮಣ್ಣು ಒಣಗಿದಾಗ ನೀರನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಮಣ್ಣು ಒದ್ದೆಯಾದಂತೆ ಎಳೆತ ತಗ್ಗಿ ಜಿನುಗುವಿಕೆಯೂ ಕಡಿಮೆಯಾಗುತ್ತದೆ. ಹೀಗಾಗಿ ಎಷ್ಟು ನೀರು ಬೇಕೆಂಬುದನ್ನು ಬಹುಮಟ್ಟಿಗೆ ಮಣ್ಣೇ ನಿರ್ಧರಿಸುತ್ತದೆ. ನೀರು ಬೇರಿನ ಮಟ್ಟದಲ್ಲಿಯೇ ದೊರೆಯುವುದರಿಂದ ಮೇಲ್ಮೈಯಿಂದ ಆವಿಯಾಗಿ ಹೋಗುವ ಪ್ರಮಾಣ ಅಲ್ಪ, ಕಳೆಯೂ ಕಡಿಮೆ. ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ನೆಡುವ ವಿಧಾನವು ಮೊಬೈಲ್ ವೀಡಿಯೊಗಳಲ್ಲಿ ಆಕರ್ಷಕವಾಗಿ ಕಾಣುತ್ತದೆಯಾದರೂ, ಒಂದು ಲೀಟರ್ ಬಾಟಲಿ ಏಳು ವಾರಗಳ ರಜೆಗೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮಡಕೆಗಳನ್ನು ಒಂದೊಂದಾಗಿ ತುಂಬುವುದಾದರೆ ಮೂರು ನಾಲ್ಕು ದಿನಗಳಿಗೊಮ್ಮೆ ಯಾರಾದರೂ ಬರಲೇಬೇಕು. ಅವುಗಳನ್ನು ಪೈಪಿನಿಂದ ಒಂದಕ್ಕೊಂದು ಜೋಡಿಸಿದಾಗ ಮಾತ್ರ ವ್ಯವಸ್ಥೆಯು ಸ್ವಯಂಚಾಲಿತವಾಗುತ್ತದೆ. ಇದರ ತತ್ವ ಗಾರೆ ಕೆಲಸದವರಿಗೆ ಚಿರಪರಿಚಿತ. ಪಾಯದ ಮಟ್ಟ ನೋಡಲು ಅವರು ಬಳಸುವ ಲೆವೆಲ್ ಪೈಪಿನ ಎರಡೂ ತುದಿಗಳಲ್ಲಿ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಹಾಗೆಯೇ ತೋಟದ ಅಂಚಿನಲ್ಲಿ ಇಪ್ಪತ್ತು ಲೀಟರಿನ ಒಂದು ಬಕೆಟ್ ಇಟ್ಟು, ಅದರ ತಳದಿಂದ ಹೊರಟ 16 ಮಿ.ಮೀ. ಪೈಪನ್ನು ಮಡಕೆಗಳ ಸಾಲಿನ ಉದ್ದಕ್ಕೂ ಹಾಯಿಸಿ, ಪ್ರತಿ ಮಡಕೆಗೆ ಸಣ್ಣ ಮೈಕ್ರೋ ಟ್ಯೂಬ್ ಜೋಡಿಸಿದರೆ, ಬಕೆಟ್ಟಿನಲ್ಲಿ ನೀರು ಯಾವ ಮಟ್ಟದಲ್ಲಿದೆಯೋ ಎಲ್ಲ ಮಡಕೆಗಳಲ್ಲಿಯೂ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಕೆಟ್ಟಿಗೆ ಅರ್ಧ ಇಂಚಿನ ಫ್ಲೋಟ್ ವಾಲ್ವ್ ಅಳವಡಿಸಿ ಎತ್ತರದಲ್ಲಿರುವ 200 ಲೀಟರ್ ಡ್ರಮ್ಮಿಗೆ ಜೋಡಿಸಬೇಕು. ಮಡಕೆಯಿಂದ ನೀರು ಜಿನುಗಿದಷ್ಟೂ ಬಕೆಟ್ಟಿನ ಮಟ್ಟ ಇಳಿಯುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ, ಡ್ರಮ್ಮಿನಿಂದ ಅಷ್ಟೇ ನೀರು ಬಂದು ತುಂಬುತ್ತದೆ.

ಮೈಕ್ರೋ ಟ್ಯೂಬನ್ನು ಮಡಕೆಯ ಬಾಯಿಯ ಮೂಲಕ ಇಳಿಬಿಡುವುದು ಸುಲಭವೆನಿಸಿದರೂ ಹಾಗೆ ಮಾಡಬಾರದು. ಟ್ಯೂಬಿನಲ್ಲಿ ಗಾಳಿ ಸೇರಿಕೊಂಡೊಡನೆ ನೀರಿನ ಹರಿವು ನಿಂತುಬಿಡುತ್ತದೆ. ಮಡಕೆಯ ಭುಜದ ಭಾಗದಲ್ಲಿ, ಕುತ್ತಿಗೆಯ ಕೆಳಗೆ, ಡ್ರಿಲ್‌ನಿಂದ ನಿಧಾನವಾಗಿ ರಂಧ್ರ ಕೊರೆದು, ರಬ್ಬರ್ ಗ್ರೊಮೆಟ್ ಹಾಕಿ ಟ್ಯೂಬ್ ತೂರಿಸಬೇಕು. ಸುತ್ತಲೂ ಎಂ-ಸೀಲ್ ಹಚ್ಚಿದರೆ ಭದ್ರ. ಒಣ ಮಡಕೆ ಬಿರುಕು ಬಿಡುವ ಸಂಭವವಿರುವುದರಿಂದ ಹಿಂದಿನ ದಿನ ನೀರಿನಲ್ಲಿ ನೆನೆಸಿಟ್ಟಿರಬೇಕು. 16 ಮಿ.ಮೀ. ಪೈಪು ಈ ರಂಧ್ರಗಳಿಗಿಂತ ತಗ್ಗಿನಲ್ಲಿ, ಎಲ್ಲಿಯೂ ಉಬ್ಬಿಲ್ಲದಂತೆ ಸಾಗಬೇಕು. ಆಗ ಒಳಗಿನ ಗಾಳಿ ಟ್ಯೂಬಿನ ಮೂಲಕ ಮಡಕೆಗೆ ಏರಿ ಹೊರಹೋಗುತ್ತದೆ.

ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರಿಕೆ ಬೇಡುವುದು ಮಟ್ಟ. ಬಕೆಟ್ಟಿನ ನೀರಿನ ಮಟ್ಟವು ಎಲ್ಲ ರಂಧ್ರಗಳಿಗಿಂತ ಮೇಲೆಯೂ ಎಲ್ಲ ಮಡಕೆಗಳ ಬಾಯಿಗಿಂತ ಕೆಳಗೆಯೂ ಇರಬೇಕು. ಒಂದೇ ಒಂದು ಮಡಕೆ ತಗ್ಗಾಗಿ ಕುಳಿತಿದ್ದರೂ ಅದರ ಬಾಯಿಯಿಂದ ನೀರು ಉಕ್ಕಿ, ಬೆಳಗಾಗುವಷ್ಟರಲ್ಲಿ ಡ್ರಮ್ ಬರಿದಾಗಿರುತ್ತದೆ. ಇಳಿಜಾರು ನೆಲವಿದ್ದಲ್ಲಿ ತೋಟವನ್ನು ಮೆಟ್ಟಿಲುಗಳಂತೆ ವಿಂಗಡಿಸಿ ಪ್ರತಿ ಮೆಟ್ಟಿಲಿಗೂ ಬೇರೆ ಬಕೆಟ್ ಇಡುವುದೇ ಸರಿಯಾದ ಮಾರ್ಗ. ಊರಿನ ಗಾರೆ ಮೇಸ್ತ್ರಿಯನ್ನು ಅರ್ಧ ದಿನ ಕರೆಸಿ ಲೆವೆಲ್ ಪೈಪಿನಿಂದ ಗುರುತು ಹಾಕಿಸುವುದು ವೆಚ್ಚವಲ್ಲ, ಉಳಿತಾಯ. ಪ್ರತಿ ಸಾಲಿನ ಆರಂಭದಲ್ಲಿ ಒಂದು ಸಣ್ಣ ಟ್ಯಾಪ್ ಇರಲಿ. ಮಡಕೆ ಒಡೆದಾಗ ಆ ಸಾಲನ್ನಷ್ಟೇ ನಿಲ್ಲಿಸಬಹುದು.

ತುಂಬಿದ ಡ್ರಮ್ ಎರಡು ಕ್ವಿಂಟಲ್‌ಗೂ ಹೆಚ್ಚು ತೂಗುತ್ತದೆ. ಮಕ್ಕಳು ಓಡಾಡುವ ಆವರಣವಾದ್ದರಿಂದ ಅದನ್ನು ಸಡಿಲ ಕಲ್ಲುಗಳ ಮೇಲೆ ಎತ್ತರಿಸಿಡುವುದು ಅಪಾಯಕರ. ನೀರು ಹರಿಯಲು ಡ್ರಮ್ಮಿನ ತಳವು ಬಕೆಟ್ಟಿನ ಅಂಚಿಗಿಂತ ಅರ್ಧ ಅಡಿ ಮೇಲಿದ್ದರೂ ಸಾಕು. ಆದ್ದರಿಂದ ಗಾರೆಯಿಂದ ಕಟ್ಟಿದ ಗಿಡ್ಡ ಕಟ್ಟೆಯೇ ಉತ್ತಮ. ಡ್ರಮ್ಮಿನ ಹೊರಹರಿವಿಗೆ ಜಾಲರಿ ಕಟ್ಟಿ ಕಸ ತಡೆಯಬೇಕು.

ನೀರಿನ ಲೆಕ್ಕವನ್ನು ಸದಸ್ಯರು ಅರಿತಿರುವುದು ಅವಶ್ಯ. ಟ್ಯಾಂಕರ್‌ನಿಂದ ಕುಡಿಯುವ ನೀರು ಪೂರೈಸುವ ಊರಿನಲ್ಲಿ ಗಿಡಗಳಿಗೆ ನೀರೇಕೆ ಎಂಬ ಪ್ರಶ್ನೆ ಗ್ರಾಮ ಸಭೆಯಲ್ಲಿ ಬಂದೇ ಬರುತ್ತದೆ, ಬರಬೇಕಾದದ್ದೂ ನ್ಯಾಯವೇ. ಮೊದಲಿಗೆ ಐದು ಲೀಟರಿನ ಒಂದೇ ಮಡಕೆಯನ್ನು ಗಿಡದ ಬಳಿ ಹೂತು, ಪ್ರತಿದಿನ ಬೆಳಿಗ್ಗೆ ಅಳತೆ ಮಗ್ಗಿನಿಂದ ತುಂಬಿಸಿ, ನಾಲ್ಕೈದು ದಿನ ಬರೆದಿಡಬೇಕು. ಮಣ್ಣು ಮೊದಲ ದಿನ ಹೆಚ್ಚು ಹೀರುತ್ತದೆ. ಅದನ್ನು ಬಿಟ್ಟು ಉಳಿದ ದಿನಗಳ ಸರಾಸರಿ ತೆಗೆಯಬೇಕು. ಸರಾಸರಿ ಒಂದೂವರೆ ಲೀಟರ್ ಬಂದಿದೆ ಎಂದಿಟ್ಟುಕೊಂಡರೆ, ಹನ್ನೆರಡು ಮಡಕೆಗಳಿಗೆ ದಿನಕ್ಕೆ 18 ಲೀಟರ್, ವಾರಕ್ಕೆ 126 ಲೀಟರ್. ಜಲ ಜೀವನ್ ಮಿಷನ್ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ ಪ್ರಮಾಣ 55 ಲೀಟರ್. ಇಡೀ ತೋಟದ ಬಳಕೆ ಅದರ ಮೂರನೇ ಒಂದು ಭಾಗ. ಡ್ರಮ್ ಹನ್ನೊಂದು ದಿನ ಬರುವುದಾದರೂ ನೀರುಗಂಟಿಯು ವಾರಕ್ಕೊಮ್ಮೆ ತುಂಬಿಸುವಂತೆ ದಿನ ಗೊತ್ತುಪಡಿಸುವುದು ಕ್ಷೇಮ. ಅಳೆದ ಅಂಕಿಗಳನ್ನು ಸಭೆಯ ಮುಂದಿಟ್ಟರೆ ಆಕ್ಷೇಪಣೆಗೆ ಸಮರ್ಪಕ ಉತ್ತರ ದೊರೆಯುತ್ತದೆ.

ವಾರದ ಭೇಟಿಗೆ ಮತ್ತೊಂದು ಕಾರಣ ಸೊಳ್ಳೆ. ನಿಂತ ಸ್ವಚ್ಛ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಟ್ಟು, ಒಂದು ವಾರದಿಂದ ಹತ್ತು ದಿನಗಳಲ್ಲಿ ಹೊಸ ಸೊಳ್ಳೆ ಹೊರಬರುತ್ತದೆ. ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡವನ್ನೂ ವಿಧಿಸಿದೆ. ಪಂಚಾಯಿತಿಯೇ ಇರಿಸಿದ ಡ್ರಮ್ಮಿನಲ್ಲಿ ಲಾರ್ವಾ ಕಂಡುಬಂದರೆ ಊರಿನವರಿಗೆ ಬುದ್ಧಿ ಹೇಳುವ ನೈತಿಕ ಹಕ್ಕು ಉಳಿಯದು. ಡ್ರಮ್, ಬಕೆಟ್ ಹಾಗೂ ಪ್ರತಿ ಮಡಕೆಯ ಬಾಯಿಗೂ ಒತ್ತಾದ ಬಟ್ಟೆ ಬಿಗಿದು ಮೇಲೆ ಮುಚ್ಚಳ ಇಡತಕ್ಕದ್ದು.

ಎಲ್ಲ ಬೆಳೆಗೂ ಮಡಕೆ ಒಗ್ಗುವುದಿಲ್ಲ. ಸುತ್ತ ಒಂದು ಅಡಿಯಷ್ಟು ಅಂತರದಲ್ಲಿ ಮಾತ್ರ ತೇವ ಹರಡುವುದರಿಂದ ಹೀರೆ, ಸೋರೆ, ಕುಂಬಳ, ಟೊಮೆಟೊ, ಬದನೆ, ಬಸಳೆಗಳಿಗೆ ಇದು ಅನುಕೂಲ. ಮಡಿಯಲ್ಲಿ ಒತ್ತಾಗಿ ಬಿತ್ತುವ ಮೆಂತ್ಯ, ದಂಟಿನಂತಹ ಸೊಪ್ಪುಗಳಿಗೆ ಪ್ರಯೋಜನವಿಲ್ಲ. ಎಳೆಯ ಸಸಿಗೆ ಬೇರು ಮಡಕೆಯ ಕಡೆಗೆ ಬೆಳೆಯುವವರೆಗೆ ಮೇಲಿನಿಂದಲೂ ನೀರು ಕೊಡಬೇಕು. ಆದುದರಿಂದ ರಜೆಗೆ ಕನಿಷ್ಠ ಮೂರು ವಾರ ಮೊದಲೇ ಅಳವಡಿಸಿರಬೇಕು. ಎರೆಭೂಮಿ ಒಣಗಿದಾಗ ಬಿರಿದು ಮಡಕೆಯಿಂದ ದೂರ ಸರಿಯುತ್ತದೆ. ಅಂತಹ ಕಡೆ ಮಡಕೆಗಿಂತ ಅಗಲವಾದ ಗುಂಡಿ ತೋಡಿ ಕೊಟ್ಟಿಗೆ ಗೊಬ್ಬರ ಹಾಗೂ ಸ್ವಲ್ಪ ಮರಳು ಬೆರೆಸಿದ ಮಣ್ಣನ್ನು ತುಂಬಬೇಕು. ಮೇಲೆ ರಾಗಿ ಹುಲ್ಲು, ತರಗೆಲೆ ಅಥವಾ ತೆಂಗಿನ ಸಿಪ್ಪೆ ಹೊದಿಸಿದರೆ ಬಿಸಿಲಿನ ತಾಪ ತಗ್ಗುತ್ತದೆ.

ತಟ್ಟೆ ತೊಳೆದ ಜಿಡ್ಡಿನ ನೀರನ್ನು ಡ್ರಮ್ಮಿಗೆ ಹಾಕಿದರೆ ಮಡಕೆಯ ರಂಧ್ರಗಳು ಮುಚ್ಚಿಹೋಗುತ್ತವೆ. ಆ ನೀರನ್ನು ಬಾಳೆ, ಪಪ್ಪಾಯಿಯ ಪಾತಿಗೆ ನೇರವಾಗಿ ಬಿಡಬಹುದು. ಗಡಸು ಕೊಳವೆಬಾವಿ ನೀರಿನಿಂದಲೂ ಮಡಕೆಯ ಮೈಮೇಲೆ ಬಿಳಿ ಉಪ್ಪಿನ ಪದರ ಕಟ್ಟುತ್ತದೆ. ಮಳೆಗಾಲದಲ್ಲಿ ಮಡಕೆಗಳನ್ನು ಹೊರತೆಗೆದು, ನೆನೆಸಿ, ನಾರಿನ ಬ್ರಷ್‌ನಿಂದ ಉಜ್ಜಿ ತೊಳೆದರೆ ಮತ್ತೆ ಬಳಕೆಗೆ ಬರುತ್ತವೆ. ಒಡೆದವುಗಳ ಬದಲಿಗೆ ನಾಲ್ಕೈದು ಹೆಚ್ಚುವರಿ ಮಡಕೆಗಳು ಶಾಲೆಯಲ್ಲಿರಲಿ. ಬೇಸಿಗೆ ಏರಿದಂತೆ ಕುಡಿಯುವ ನೀರಿನ ಮಡಕೆಗಳಿಗೆ ಬೇಡಿಕೆ ಹೆಚ್ಚಿ ಕುಂಬಾರರಿಗೆ ಬಿಡುವಿರುವುದಿಲ್ಲವಾದ್ದರಿಂದ, ಜನವರಿಯ ಸಾಮಾನ್ಯ ಸಭೆಯಲ್ಲಿಯೇ ವಿಷಯ ಮಂಡಿಸಿ ಬೇಡಿಕೆ ಸಲ್ಲಿಸುವುದು ಸೂಕ್ತ.