ನೌಕರರ ಮಹಾಸಭೆ ಸಜೀವವಾಗುವ ಬಗೆ

ಒಂದು ಸಂಸ್ಥೆಯಲ್ಲಿ ದುಡಿಯುವವರೆಲ್ಲರೂ ವರ್ಷಕ್ಕೆ ಒಂದೆರಡು ಸಲ ಒಂದೆಡೆ ಸೇರುವ ಪದ್ಧತಿ ಬ್ಯಾಂಕುಗಳಲ್ಲಿ, ಕಾರ್ಖಾನೆಗಳಲ್ಲಿ, ಸಹಕಾರ ಸಂಘಗಳಲ್ಲಿ ರೂಢಿಗೆ ಬಂದಿದೆ. ಪ್ರಾರ್ಥನೆ, ಸ್ವಾಗತ, ವರದಿ ವಾಚನ, ಅಧ್ಯಕ್ಷ ಭಾಷಣ ಇವೆಲ್ಲ ಕ್ರಮವಾಗಿ ನಡೆಯುತ್ತವೆ. ವಂದನಾರ್ಪಣೆಗೆ ಮುನ್ನ ವೇದಿಕೆಯಿಂದ ಒಂದು ಪ್ರಶ್ನೆ ಬರುತ್ತದೆ: ‘ಯಾರಾದರೂ ಏನಾದರೂ ಹೇಳುವುದಿದೆಯೇ?’ ಯಾರೂ ಏಳುವುದಿಲ್ಲ. ಸಭೆ ಮುಗಿದ ಅರೆಗಳಿಗೆಯಲ್ಲಿ ಅದೇ ಜನ ಚಹದಂಗಡಿಯ ಮುಂದೆ ನಿಂತು, ಸಂಸ್ಥೆಯಲ್ಲಿ ಏನು ಸರಿಯಿಲ್ಲ, ಏನು ಮಾಡಿದರೆ ಸರಿಹೋದೀತು ಎಂಬುದನ್ನು ಸವಿವರವಾಗಿ ಚರ್ಚಿಸುತ್ತಾರೆ. ಹೊರಗೆ ಇಷ್ಟು ಸರಾಗವಾಗಿ ಹರಿಯುವ ಮಾತು ಒಳಗೇಕೆ ಬತ್ತುತ್ತದೆ, ಅದನ್ನು ಒಳಗೆ ತರುವುದು ಹೇಗೆ ಎಂಬುದೇ ಈ ಹೊತ್ತಿನ ವಿಚಾರ.

ಬಳ್ಳಾರಿಗೆ ಅನತಿದೂರದಲ್ಲಿರುವ ಕೊಳಗಲ್ಲು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಕಾಲವಾಗಿ ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿ ಕ್ರಿ.ಶ. 967ರ ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ದೂರದ ರಾಜಧಾನಿಯ ಸುದ್ದಿ ಈ ಊರಿನ ಕಲ್ಲಿನಲ್ಲಿ ಉಳಿದುಬಂದಿರುವುದು ನಮ್ಮ ಭಾಗ್ಯ. ಆದರೆ ಶಾಸನದ ಗುಣವೇ ಬೇರೆ. ಅದು ತಿಳಿಸುತ್ತದೆ, ಕೇಳುವುದಿಲ್ಲ. ಓದಿದವನು ತಲೆದೂಗಬಹುದು, ಮರುನುಡಿಯಲಾರ. ನಮ್ಮ ಎಷ್ಟೋ ಸಿಬ್ಬಂದಿ ಸಭೆಗಳು ಹೆಸರಿಗೆ ಸಭೆಗಳಾಗಿ, ಸ್ವಭಾವದಲ್ಲಿ ಶಾಸನಗಳಾಗಿವೆ. ಅಲ್ಲಿ ಬೇಸರ ಹುಟ್ಟಿದರೆ ಆಶ್ಚರ್ಯವೇನು?

ಬೇಸರವಷ್ಟೇ ಆಗಿದ್ದರೆ ಈ ವಿಷಯ ಇಷ್ಟು ಗಮನಕ್ಕೆ ಅರ್ಹವಾಗುತ್ತಿರಲಿಲ್ಲ. ಬಳ್ಳಾರಿಯ ಸೀಮೆ ಗಣಿಗಳ, ಉಕ್ಕಿನ ಸೀಮೆ. ಸಂಡೂರಿನ ಬೆಟ್ಟಗಳಲ್ಲಿ ಅದಿರು ತೆಗೆಯುವವರು, ತೋರಣಗಲ್ಲಿನ ಕುಲುಮೆಗಳ ಬಳಿ ನಿಲ್ಲುವವರು ನಿತ್ಯವೂ ಅಪಾಯದೊಡನೆ ವ್ಯವಹರಿಸುವ ಜನ. ಯಾವ ಪಟ್ಟಿ ಸಡಿಲಾಗಿದೆ, ಯಾವ ತಿರುವಿನಲ್ಲಿ ಲಾರಿಯ ಚಾಲಕನಿಗೆ ದಾರಿ ಕಾಣುವುದಿಲ್ಲ ಎಂಬುದು ಮೊದಲು ಗೊತ್ತಾಗುವುದು ಅಲ್ಲಿ ನಿಂತವನಿಗೆ. ಅವನು ಸಭೆಯಲ್ಲಿ ಬಾಯಿ ಬಿಡದೆ ಹೋದರೆ ಅದರ ಬೆಲೆಯನ್ನು ಯಾರೋ ಒಬ್ಬರ ಕೈಯೋ ಕಾಲೋ ತೆರಬೇಕಾದೀತು. ಬ್ಯಾಂಕಿನಂಥ ಕಡೆ ನಷ್ಟ ಇಷ್ಟು ಕಣ್ಣಿಗೆ ಕಾಣುವುದಿಲ್ಲವಾದರೂ ಇಲ್ಲದಿಲ್ಲ. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಹಲವು ವಿಲೀನಗಳನ್ನು ಕಂಡು, ಕೊನೆಗೆ 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ನಿಂತಿತು. ಇಷ್ಟು ವಿಶಾಲವಾದ ಸಂಸ್ಥೆಯಲ್ಲಿ, ರೈತ ಸಾಲದ ಅರ್ಜಿಯನ್ನು ತುಂಬಲಾರದೆ ಏಕೆ ಹಿಂದಿರುಗುತ್ತಾನೆ ಎಂಬುದನ್ನು ಕೇಂದ್ರ ಕಚೇರಿಗಿಂತ ಮೊದಲು ಬಲ್ಲವನು ಹಳ್ಳಿಯ ಶಾಖೆಯ ಗುಮಾಸ್ತ.

ಮೌನಕ್ಕೆ ಕಾರಣಗಳು ಮೂರು. ಮೊದಲನೆಯದು ಸಂಖ್ಯೆ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರು ಜನರಿಂದ ಹಗ್ಗ ಎಳೆಯಿಸಿ, ಅವರ ಬಲವನ್ನು ಅಳೆದು, 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಎಂಟು ಮಂದಿ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲು, ಅವನು ಒಬ್ಬನೇ ಎಳೆದಾಗಿನ ಬಲದ ಅರ್ಧಕ್ಕೆ ಇಳಿದಿತ್ತು. ತೇರಿನ ಮಿಣಿ ಹಿಡಿದವರೆಲ್ಲ ಎಳೆಯುವುದಿಲ್ಲ ಎಂಬುದು ನಮ್ಮ ಜಾತ್ರೆಗಳಲ್ಲಿಯೂ ಕಂಡ ಮಾತೇ. ಐನೂರು ಜನರ ಸಭೆಯಲ್ಲಿ ‘ಇನ್ನೊಬ್ಬರು ಕೇಳಿಯಾರು’ ಎಂದು ಪ್ರತಿಯೊಬ್ಬನೂ ಸುಮ್ಮನಾಗುತ್ತಾನೆ. ಎರಡನೆಯದು ಅಂತಸ್ತಿನ ಅಳುಕು. ಬಡ್ತಿ, ವರ್ಗಾವಣೆಗಳನ್ನು ಕೈಯಲ್ಲಿ ಹಿಡಿದವರ ಎದುರು ಎದ್ದು ನಿಲ್ಲುವುದು ಸುಲಭವಲ್ಲ. ಮೂರನೆಯದು ಅನುಭವ. ಹೋದ ವರ್ಷ ಹೇಳಿದ ಮಾತು ಏನಾಯಿತೆಂಬುದು ತಿಳಿಯದಿದ್ದರೆ ಈ ವರ್ಷ ಹೇಳುವ ಉತ್ಸಾಹ ಎಲ್ಲಿಂದ ಬರಬೇಕು? ಈ ಮೂರಕ್ಕೂ ಪರಿಹಾರ ಹುಡುಕದೆ ಆಟಗಳನ್ನಾಡಿಸಿ, ಬಹುಮಾನ ಹಂಚಿ ಸಭೆಗೆ ಕಳೆ ತುಂಬಲು ಹೊರಟರೆ ಆ ಕಳೆ ಅಂದಿನ ಊಟದವರೆಗೆ ಮಾತ್ರ ನಿಂತೀತು.

ಈ ವಿಚಾರದಲ್ಲಿ ಬಾನುಲಿಯ ಇತಿಹಾಸವೇ ನಮಗೊಂದು ಪಾಠ ಹೇಳುತ್ತದೆ. 1956ರಲ್ಲಿ ಯುನೆಸ್ಕೋದ ನೆರವಿನಿಂದ ಪುಣೆಯ ಆಕಾಶವಾಣಿ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಗೆ ಇಪ್ಪತ್ತರಷ್ಟು ಜನರ ಒಂದು ಕೂಟ, ವಾರಕ್ಕೆರಡು ಸಲ ಅರ್ಧಗಂಟೆಯ ಕಾರ್ಯಕ್ರಮ, ಹೀಗೆ ಹತ್ತು ವಾರ. ಕಾರ್ಯಕ್ರಮ ಮುಗಿದೊಡನೆ ಪೆಟ್ಟಿಗೆಯನ್ನು ಆರಿಸಿ ಜನ ತಮ್ಮತಮ್ಮಲ್ಲೇ ಚರ್ಚಿಸಬೇಕು. ಉಳಿದ ಸಂದೇಹಗಳನ್ನು ಬರೆದು ನಿಲಯಕ್ಕೆ ಕಳುಹಿಸಬೇಕು. ನಿಲಯ ಅವುಗಳಿಗೆ ಉತ್ತರ ಹೇಳಬೇಕು. ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಇದನ್ನು ಪರೀಕ್ಷಿಸಿ, ಬಾನುಲಿಯಿದ್ದೂ ಕೂಟವಿಲ್ಲದ ಹಳ್ಳಿಗಳೊಡನೆ ಹೋಲಿಸಿ ನೋಡಿದ. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬೆಳೆದ ಪ್ರಮಾಣ ಬಹಳ ಹೆಚ್ಚಾಗಿತ್ತು. ಬಾನುಲಿ ಎರಡು ಕಡೆಯೂ ಇತ್ತು. ವ್ಯತ್ಯಾಸವನ್ನು ತಂದದ್ದು ಆಮೇಲಿನ ಮಾತುಕತೆ. ಈ ಫಲವನ್ನು ನೋಡಿಯೇ 1959ರಲ್ಲಿ ಯೋಜನೆಯನ್ನು ದೇಶದ ಇತರ ಭಾಗಗಳಿಗೂ ವಿಸ್ತರಿಸಲಾಯಿತು.

ನೌಕರರ ಸಭೆಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ವರದಿಯನ್ನು ಸರಳ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ವಾರದ ಮುಂಚೆಯೇ ಎಲ್ಲರ ಕೈಗೆ ಕೊಡಬೇಕು. ಸಭೆಯಲ್ಲಿ ಅದನ್ನು ಮತ್ತೆ ಓದಬಾರದು. ಮುಖ್ಯಸ್ಥರು ಹದಿನೈದು ನಿಮಿಷ ಮಾತನಾಡಿ, ಎರಡೇ ಎರಡು ಪ್ರಶ್ನೆಗಳನ್ನು ಸಭೆಯ ಮುಂದಿಡಬೇಕು. ಆಮೇಲೆ ಸಭೆ ಎಂಟು ಹತ್ತು ಜನರ ಗುಂಪುಗಳಾಗಿ ಒಡೆಯಬೇಕು. ಗುಂಪಿನಲ್ಲಿ ಬೇರೆ ಬೇರೆ ವಿಭಾಗದವರು ಬೆರೆತಿರಲಿ, ಆದರೆ ನೇರ ಮೇಲಧಿಕಾರಿಯೂ ಅವರ ಕೈಕೆಳಗಿನವರೂ ಒಂದೇ ಗುಂಪಿನಲ್ಲಿ ಬೇಡ. ಅರ್ಧಗಂಟೆಯ ನಂತರ ಗುಂಪಿಗೊಬ್ಬರು ಎದ್ದು ‘ನಮ್ಮ ಗುಂಪಿನ ಅಭಿಪ್ರಾಯ’ ಎಂದು ಹೇಳುತ್ತಾರೆ. ‘ನಾನು’ ಎನ್ನಲು ಅಂಜುವ ನಾಲಗೆ ‘ನಾವು’ ಎನ್ನುವಾಗ ಅಷ್ಟು ತಡವರಿಸುವುದಿಲ್ಲ. ಸಣ್ಣ ಗುಂಪಿನ ಈ ಶಕ್ತಿಯನ್ನು ಕೈಗಾರಿಕೆಯೂ ಕಂಡುಕೊಂಡಿದೆ. ಜಪಾನಿನಲ್ಲಿ 1962ರಲ್ಲಿ ಆರಂಭವಾದ ಗುಣಮಟ್ಟ ವೃತ್ತಗಳನ್ನು ಎಸ್. ಆರ್. ಉಡುಪರು 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಗೆ ತಂದರು. ಒಂದೇ ಕೆಲಸ ಮಾಡುವ ಕೆಲವೇ ಕಾರ್ಮಿಕರು ಕೂಡಿ ಕುಳಿತು ತಮ್ಮ ಕೆಲಸದ ತೊಡಕುಗಳನ್ನು ತಾವೇ ಬಿಡಿಸಿಕೊಳ್ಳುವ ಕ್ರಮವದು.

ಮಾತಿನ ಸರದಿಯೂ ಮುಖ್ಯ. ಸೇನಾ ನ್ಯಾಯಾಲಯದಲ್ಲಿ ಸದಸ್ಯರ ಅಭಿಪ್ರಾಯವನ್ನು ಕೇಳುವಾಗ ಅತ್ಯಂತ ಕೆಳದರ್ಜೆಯ ಅಧಿಕಾರಿಯಿಂದ ಆರಂಭಿಸುವುದು ನಿಯಮ. ಹಿರಿಯರು ಮೊದಲು ನುಡಿದರೆ ಕಿರಿಯರು ಅದನ್ನೇ ಅನುಮೋದಿಸಿ ಕುಳಿತಾರು ಎಂಬ ಎಚ್ಚರ ಅದರ ಹಿಂದಿದೆ. ಶಿಸ್ತಿಗೆ ಹೆಸರಾದ ಸೇನೆಯೇ ಇದನ್ನು ಪಾಲಿಸುವಾಗ ನಮ್ಮ ಸಭೆಗಳು ಪಾಲಿಸಲಾಗದೇ? ಪಾಳಿಯ ಕೆಲಸಗಾರ, ಅಟೆಂಡರು, ಹೊಸದಾಗಿ ಸೇರಿದವರು ಮೊದಲು. ವಿಭಾಗದ ಮುಖ್ಯಸ್ಥರು ಕೊನೆಗೆ. ಎದ್ದು ನಿಲ್ಲಲು ಒಲ್ಲದವರಿಗೆ ಪ್ರಶ್ನೆಪೆಟ್ಟಿಗೆ ಇರಲಿ, ಚೀಟಿಗೆ ಸಹಿ ಬೇಡ. ಒಂದೇ ಷರತ್ತು: ಯಾರೊಬ್ಬರ ಮೇಲಿನ ವೈಯಕ್ತಿಕ ದೂಷಣೆಯನ್ನು ಬಿಟ್ಟು ಉಳಿದ ಚೀಟಿಗಳನ್ನೆಲ್ಲ ಬಂದ ಕ್ರಮದಲ್ಲಿ ಓದಬೇಕು. ಹಿತವಾದವನ್ನು ಮಾತ್ರ ಆರಿಸಿ ಓದಿದ ಪೆಟ್ಟಿಗೆಗೆ ಮರುವರ್ಷ ಚೀಟಿ ಬೀಳುವುದಿಲ್ಲ.

ಇಷ್ಟರಿಂದ ಮಾತು ಹುಟ್ಟೀತು. ಅದು ಉಳಿಯಬೇಕಾದರೆ ಸಭೆಯ ಕೈಯಲ್ಲಿ ಏನಾದರೂ ನಿರ್ಧಾರವಿರಬೇಕು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ನಮ್ಮ ರೈತರು ಸರ್ವಸದಸ್ಯರ ಸಭೆ ಕಂಡಿದ್ದಾರೆ. ಅಲ್ಲಿ ಜಗಳವಾದರೂ ಆದೀತು, ತೂಕಡಿಕೆ ಕಡಿಮೆ. ಲೆಕ್ಕಪತ್ರ ಮಂಜೂರಾಗುವುದು ತನ್ನ ಕೈ ಎತ್ತಿದರೆ ಎಂಬುದು ಸದಸ್ಯನಿಗೆ ಗೊತ್ತು. ನೌಕರರಿಗೆ ಆ ಅಧಿಕಾರವಿಲ್ಲ. ಆದರೂ ಕ್ಯಾಂಟೀನಿನ ವ್ಯವಸ್ಥೆ, ಬಸ್ಸಿನ ವೇಳೆ, ತರಬೇತಿಯ ವಿಷಯ, ಕಲ್ಯಾಣನಿಧಿಯ ಒಂದು ಭಾಗದ ವಿನಿಯೋಗ ಇಂಥವನ್ನು ಸಭೆಯ ತೀರ್ಮಾನಕ್ಕೇ ಬಿಡಬಹುದು. ನೂರು ಮತ್ತು ಹೆಚ್ಚು ಕಾರ್ಮಿಕರಿರುವ ಕಡೆ ಉಭಯಪಕ್ಷಗಳ ಕಾರ್ಯಸಮಿತಿ ರಚಿಸಲು 1947ರ ಕೈಗಾರಿಕಾ ವಿವಾದ ಕಾಯಿದೆ ಅವಕಾಶ ಕೊಟ್ಟಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಮಹಾಸಭೆಯಲ್ಲಿ ಎದ್ದ ಪ್ರಶ್ನೆಗಳನ್ನು ಇಂಥ ಸಮಿತಿಗೆ ಒಪ್ಪಿಸಿದರೆ ಅವಕ್ಕೆ ಒಂದು ನೆಲೆ ಸಿಗುತ್ತದೆ.

ಸಣ್ಣವೆಂದು ತೋರುವ ಕೆಲವು ಮಾತುಗಳನ್ನೂ ಮರೆಯಬಾರದು. ಮೂರು ಪಾಳಿಯ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿದವನನ್ನು ಬೆಳಗಿನ ಸಭೆಯಲ್ಲಿ ಕೂರಿಸುವುದು ಶಿಕ್ಷೆ. ಪಾಳಿಗೊಂದು ಸಭೆ ನಡೆಸುವುದು ಲೇಸು. ಸಭೆಯ ಹೊತ್ತು ದುಡಿಮೆಯ ಹೊತ್ತಿನೊಳಗೇ ಸೇರಿರಬೇಕು. ಬಳ್ಳಾರಿಯಲ್ಲಿ ಕನ್ನಡದೊಡನೆ ತೆಲುಗು, ಉರ್ದು ಮನೆಮಾತಿನವರೂ ದುಡಿಯುತ್ತಾರೆ, ಉತ್ತರದಿಂದ ಬಂದವರೂ ಇದ್ದಾರೆ. ತಮಗೆ ಬರುವ ಭಾಷೆಯಲ್ಲಿ ಹೇಳಲು ಅವರಿಗೆ ಅವಕಾಶವಿರಬೇಕು, ಅದನ್ನು ಕನ್ನಡಕ್ಕೆ ತಿಳಿಸುವವರೊಬ್ಬರಿರಬೇಕು.

ಕೊನೆಯದಾಗಿ ನಡವಳಿ ಪುಸ್ತಕ. ಕೇಳಿದ ಪ್ರಶ್ನೆ, ಅದನ್ನು ಹೊತ್ತುಕೊಂಡವರು, ಮುಗಿಸಬೇಕಾದ ದಿನಾಂಕ ಈ ಮೂರನ್ನೂ ಬರೆದು ಸೂಚನಾಫಲಕದಲ್ಲಿ ಹಾಕಬೇಕು. ಮುಂದಿನ ಸಭೆಯ ಮೊದಲ ಬಾಬು ಅದೇ ಆಗಬೇಕು. ಆದದ್ದನ್ನು ಆಯಿತೆಂದೂ, ಆಗದ್ದನ್ನು ಇಂಥ ಕಾರಣಕ್ಕೆ ಆಗಲಿಲ್ಲವೆಂದೂ ಮುಖ್ಯಸ್ಥರೇ ನಿಂತು ಹೇಳಬೇಕು. ‘ಆಗದು’ ಎಂಬ ಸಕಾರಣವಾದ ಉತ್ತರವನ್ನು ನೌಕರರು ಸಹಿಸಬಲ್ಲರು, ನಿರುತ್ತರವನ್ನು ಸಹಿಸಲಾರರು. ತನ್ನ ಒಂದು ಮಾತಿನಿಂದ ಗಣಿಯ ತಿರುವಿನಲ್ಲಿ ಒಂದು ದೀಪ ಹತ್ತಿದ್ದನ್ನು ಕಂಡ ಕೆಲಸಗಾರ ಮರುವರ್ಷದ ಸಭೆಗೆ ಕರೆಯದೆಯೇ ಬರುತ್ತಾನೆ, ಬರುವಾಗ ಇನ್ನೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತಾನೆ.