‘ಮಯೂರನ ಅರಮನೆ ಎಲ್ಲಿ?’ ಎಂದರೆ ಏನು ಹೇಳಲಿ

“ಸಾರ್, ಮಯೂರನ ಅರಮನೆ ಎಲ್ಲಿ ಬರುತ್ತೆ?”

ಬನವಾಸಿ ನೋಡಲು ಬಂದು ನಮ್ಮ ಮನೆಯಲ್ಲಿ ಉಳಿದವರಲ್ಲಿ ಹಲವರು ಚಪ್ಪಲಿ ಕಳಚುವ ಮೊದಲೇ ಕೇಳಿದ ಪ್ರಶ್ನೆ ಇದು. ಅರಮನೆ ಇಲ್ಲ. ಇರುವುದು ಮಧುಕೇಶ್ವರ ದೇವಸ್ಥಾನ, ಊರನ್ನು ಮೂರು ಕಡೆಯಿಂದ ಬಳಸಿ ಹರಿಯುವ ವರದಾ ಹೊಳೆ, ಅಲ್ಲಲ್ಲಿ ಕೋಟೆಯ ಕುರುಹು, ನೆಲ ಅಗೆದಲ್ಲಿ ಹಳೇ ಇಟ್ಟಿಗೆ. ಇಷ್ಟು ಹೇಳಿದರೆ ಮುಖ ಸಣ್ಣದಾಗುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದವರ ಮುಖ ಸಣ್ಣದಾದರೆ ಮನೆಯವನಾದ ನನಗೂ ಕಸಿವಿಸಿ.

ನಾನು ಪಂಡಿತನಲ್ಲ, ಕೃಷಿಕ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಮೇಲಿನ ಮಕ್ಕಿಯಲ್ಲಿ ಅನಾನಸು. 2019ರ ಆಗಸ್ಟ್ ಮಳೆಗೆ ಕೊಳೆರೋಗ ಬಂದು ಅರ್ಧ ಫಸಲು ಬುಡಕ್ಕೆ ಉದುರಿತು. ಔಷಧಿ ಹೊಡೆಯಲು ಮಳೆ ಬಿಡುವು ಕೊಟ್ಟರೆ ತಾನೆ! ಎರಡು ವರ್ಷ ಸುಧಾರಿಸಿಕೊಂಡು, 2021ರಲ್ಲಿ ಮನೆಯ ಪಕ್ಕದ ಎರಡು ಕೋಣೆಗೆ ಸುಣ್ಣ ಹೊಡೆಸಿ, ಸೊಸೈಟಿಯಲ್ಲಿ ಸಾಲ ಎತ್ತಿ ಒಳಗೇ ಕಮೋಡಿನ ಕಕ್ಕಸು, ಬಿಸಿನೀರಿನ ವ್ಯವಸ್ಥೆ ಮಾಡಿಸಿದೆ. ಅಷ್ಟಕ್ಕೇ 1,40,000 ರೂಪಾಯಿ ಮುಗಿಯಿತು. ಕೈಯಲ್ಲಿ ಇಷ್ಟಿದೆ, ಊರಲ್ಲಿ ಅಷ್ಟು ಹಳೆಯ ದೇವಸ್ಥಾನವಿದೆ, ಜನ ಬಂದೇ ಬರುತ್ತಾರೆ ಎಂಬುದು ನನ್ನ ಲೆಕ್ಕ. ಲೆಕ್ಕದಲ್ಲಿ ಬಿಟ್ಟುಹೋದದ್ದು ಒಂದೇ. ಬರುವವರು ಏನನ್ನು ನೆನೆಸಿಕೊಂಡು ಬರುತ್ತಾರೆ ಎಂಬುದು.

ಮೊದಲ ಹಂಗಾಮಿನಲ್ಲಿ ಎರಡು ಕುಟುಂಬ ಒಂದು ರಾತ್ರಿಯೂ ನಿಲ್ಲದೆ ಹೊರಟುಹೋದವು. ಒಬ್ಬರಿಗೆ ಹಂಪಿಯಂಥದ್ದು ಬೇಕಿತ್ತು. ಇನ್ನೊಬ್ಬರಿಗೆ ಈಜುಕೊಳ ಬೇಕಿತ್ತಂತೆ. ಅಲ್ಲಿಂದ ಮೇಲೆ ನಾನು ಒಂದು ಪಟ್ಟಿ ಪುಸ್ತಕ ಇಟ್ಟೆ. ಅಡಿಕೆ ಸುಲಿಯುವವರ ಲೆಕ್ಕ ಬರೆಯುವಂಥದ್ದೇ. ಬಂದವರಿಗೆಲ್ಲ ಎರಡು ಪ್ರಶ್ನೆ: ಬನವಾಸಿ ನಿಮ್ಮ ತಲೆಗೆ ಬಂದದ್ದು ಎಲ್ಲಿಂದ? ಇಲ್ಲಿ ಏನು ಕಾಣುತ್ತೀರಿ ಅಂದುಕೊಂಡಿದ್ದಿರಿ? ಚಹಾ ಕುಡಿಯುತ್ತಾ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಈಗ ಎರಡನೇ ಪುಸ್ತಕ ನಡೆಯುತ್ತಿದೆ.

ಸಿನಿಮಾ, ಪಾಠಪುಸ್ತಕ, ಐವತ್ತರ ನೋಟು

ನಲವತ್ತು ದಾಟಿದವರಲ್ಲಿ ಹೆಚ್ಚಿನವರ ಉತ್ತರ ಒಂದೇ: ‘ಮಯೂರ’ ಸಿನಿಮಾ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿ 1975ರಲ್ಲಿ ಬಂದ ರಾಜಕುಮಾರರ ಚಿತ್ರ. ಅದರಲ್ಲಿ ಸಿಂಹಾಸನವಿದೆ, ದರ್ಬಾರಿದೆ, ಎತ್ತರದ ಕಂಬಗಳಿವೆ. ಅದನ್ನೇ ಹುಡುಕಿಕೊಂಡು ಬರುತ್ತಾರೆ. ಕದಂಬರದ್ದು ನಾಲ್ಕನೇ ಶತಮಾನದಲ್ಲಿ ಹುಟ್ಟಿದ ರಾಜ್ಯ. ಮರ, ಇಟ್ಟಿಗೆಯ ಮನೆ ಇಲ್ಲಿಯ ಮಳೆಯಲ್ಲಿ ಅಷ್ಟು ಕಾಲ ನಿಂತೀತೆ? ನಮ್ಮ ಅಜ್ಜ ಕಟ್ಟಿದ ಕೊಟ್ಟಿಗೆಯೇ ನಿಂತಿಲ್ಲ. ಮಯೂರಶರ್ಮನ ಕತೆ ನಮಗೆ ಸಿಕ್ಕಿದ್ದೂ ಬನವಾಸಿಯಿಂದಲ್ಲ; ಶಿಕಾರಿಪುರ ತಾಲೂಕಿನ ತಾಳಗುಂದದ ಕಲ್ಲಿನ ಕಂಬದ ಶಾಸನದಿಂದ. ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಎಲ್ಲ ಅದರಲ್ಲಿದೆ. ಅಷ್ಟು ದೂರ ಹೋಗಿ ಆ ಕಂಬ ನೋಡಿ ಬಂದವರು ನನ್ನ ಪುಸ್ತಕದಲ್ಲಿ ಮೂರೇ ಮೂರು ಮಂದಿ.

ಮೇಷ್ಟ್ರುಗಳು, ಕಾಲೇಜಿನವರು ಬರುವುದು ಪಂಪನ ದೆಸೆಯಿಂದ. ಹತ್ತನೇ ಶತಮಾನದಲ್ಲಿ ಆತ ಬನವಾಸಿಯನ್ನು ನೆನೆದು ಬರೆದದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಇವರಿಗೆ ಕಲ್ಲಿಗಿಂತ ತೋಟ, ಮಾವಿನ ಮರ, ಹೊಳೆಯ ದಂಡೆ ಬೇಕು. ಅದು ನಮ್ಮಲ್ಲಿದೆ. ಹಾಗಾಗಿ ಇವರು ಬೇಸರಪಟ್ಟು ಹೋದದ್ದು ಕಡಿಮೆ. ಒಂದು ಅನಾನಸು ಹೆಚ್ಚಿ ಕೊಟ್ಟರೆ ಅದನ್ನೂ ಪಂಪನ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ! ಅನಾನಸು ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಜೊತೆ, ಪಂಪನ ಎಷ್ಟೋ ಕಾಲದ ನಂತರ ಎಂದು ಹೇಳಲು ಹೋಗಿ ಒಮ್ಮೆ ಮಾತು ನುಂಗಿಕೊಂಡೆ.

ಹೊಸ ಹುಡುಗರದ್ದು ಬೇರೆ. ಅವರಿಗೆ ಮೊಬೈಲಿನಲ್ಲಿ ಕಂಡ ಚಿತ್ರವೇ ಪ್ರಮಾಣ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು ಹಳೇಬೀಡು ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಂಪಿಯ ಕಲ್ಲಿನ ರಥ ಐವತ್ತರ ನೋಟಿನ ಮೇಲೇ ಬಂದಿದೆ. ಜೇಬಿನಲ್ಲೇ ಜಾಹೀರಾತು ಇರುವ ಊರಿನ ಮುಂದೆ ನಮ್ಮೂರು ಯಾವ ಲೆಕ್ಕ? ಬನವಾಸಿ ಆ ಪಟ್ಟಿಯಲ್ಲಿಲ್ಲ. ಕದಂಬರ ಹೆಸರು ಗೋವಾದ ಸರಕಾರಿ ಬಸ್ಸಿನ ಮೇಲಿದೆ, ಮಯೂರನ ಹೆಸರು ಪ್ರವಾಸೋದ್ಯಮ ನಿಗಮದ ಹೋಟೆಲುಗಳ ಮೇಲಿದೆ. ಹೆಸರು ಊರೂರು ತಿರುಗುತ್ತಿದೆ, ಜನ ಮಾತ್ರ ಇಲ್ಲಿಗೆ ಬರುವುದು ಕಡಿಮೆ.

ಇನ್ನು ಕೆಲವರನ್ನು ಕರೆತರುವುದು ಯಾವ ಕತೆಯೂ ಅಲ್ಲ, ದಾರಿ. ಜೋಗ ನೋಡಿ, ಶಿರಸಿ ಮಾರಿಕಾಂಬೆಗೆ ಕೈಮುಗಿದು, ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಇಳಿಯುವ ನಡುವೆ ಎರಡು ತಾಸು ಉಳಿದರೆ ಬನವಾಸಿ. ಉಳಿಯದಿದ್ದರೆ ಇಲ್ಲ. ಆ ಎರಡು ತಾಸು ಉಳಿಯುತ್ತದೋ ಇಲ್ಲವೋ ಎನ್ನುವುದು ಬಾಡಿಗೆ ಗಾಡಿಯ ಡ್ರೈವರಣ್ಣನ ಕೈಯಲ್ಲಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹತ್ತು ಹನ್ನೆರಡು ಹೆಂಗಸರ ಗುಂಪುಗಳು ದೇವಸ್ಥಾನಕ್ಕೆ ಬರುವುದನ್ನು ಕಂಡೆ. ಅವರಿಗೆ ಮಯೂರನೂ ಬೇಡ, ಪಂಪನೂ ಬೇಡ. ಹಣ್ಣುಕಾಯಿ ಮಾಡಿಸಿ, ದೊಡ್ಡ ನಂದಿಯ ಬೆನ್ನು ಸವರಿ, ಒಂದು ಕಣ್ಣಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತದೆ ಎಂದು ಅರ್ಚಕರು ಹೇಳಿದ್ದನ್ನು ಕೇಳಿ, ಸಂಜೆ ಬಸ್ಸಿಗೆ ವಾಪಸು. ನನ್ನ ಕೋಣೆಗೆ ಅವರಿಂದ ಕಾಸಿಲ್ಲ. ಆದರೆ ಬನವಾಸಿಯಿಂದ ಪೂರ್ತಿ ತೃಪ್ತಿಪಟ್ಟು ಹೋಗುವವರು ಇವರೇ ಎಂದು ನನ್ನ ಅಂದಾಜು.

ಆಗಸ್ಟಿನ ಚಿತ್ರ, ಏಪ್ರಿಲ್ಲಿನ ಪ್ರಯಾಣ

ಚಿತ್ರ ತೆಗೆದ ತಿಂಗಳಿಗೂ ಪ್ರಯಾಣದ ತಿಂಗಳಿಗೂ ತಾಳೆ ಇಲ್ಲದೆ ಎಷ್ಟು ಜನ ಸೋಲುತ್ತಾರೆ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದ ಮೇಲೆ ಜೋಗದ ವೈಭವ ಮಳೆಗಾಲಕ್ಕೆ ಸೀಮಿತ. ಚಿತ್ರ ತೆಗೆಯುವುದು ಆಗಸ್ಟಿನಲ್ಲಿ, ಮಕ್ಕಳ ರಜೆಯಲ್ಲಿ ಬರುವುದು ಏಪ್ರಿಲ್ಲಿನಲ್ಲಿ. ಕಾಣುವುದು ಬರೇ ಬಂಡೆ. ಶಿರಸಿ ಬಳಿಯ ಸಹಸ್ರಲಿಂಗದ್ದು ತಿರುಗಾಮುರುಗಾ. ಶಾಲ್ಮಲಾ ಹೊಳೆಯ ನೀರು ಇಳಿದರೆ ಮಾತ್ರ ಲಿಂಗಗಳು ಕಾಣುವುದು. ಜುಲೈನಲ್ಲಿ ಬಂದವರು ಕೆಂಪು ನೀರು ನೋಡಿ ಹೋಗುತ್ತಾರೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಚಿತ್ರದಲ್ಲಿದ್ದ ಹಾಗೇ ನೋಡುತ್ತೇನೆಂದರೆ ಹೇಗಾದೀತು? ಬಿತ್ತುವ ಕಾಲದಲ್ಲಿ ಬಂದು ರಾಶಿ ಎಲ್ಲಿ ಅಂದ ಹಾಗೆ.

ನನ್ನ ಮನೆಯಲ್ಲೂ ಇದೇ ಕತೆ. ಬಂದವರಿಗೆ ಆಲೆಮನೆ ಬೇಕು. ಕೋಣ ಕಟ್ಟಿದ ಗಾಣ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲು, ಬಿಸಿಬಿಸಿ ಜೋನಿಬೆಲ್ಲ, ತೊಡೆದೇವು. ನಮ್ಮ ಕಡೆ ಆಲೆಮನೆ ಜನವರಿಯಿಂದ ಮಾರ್ಚ್. ಅವರು ಬರುವುದು ದಸರಾ ರಜೆಗೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. 2022ರ ಅಕ್ಟೋಬರಿನಲ್ಲಿ ಪ್ರವಾಸ ಏರ್ಪಡಿಸುವವರೊಬ್ಬರು ಫೋನು ಮಾಡಿ, ಹದಿನಾಲ್ಕು ಜನ ಬರುತ್ತಾರೆ, ಆಲೆಮನೆ ತೋರಿಸಿದರೆ ತಲೆಗೆ ಇಷ್ಟು ಎಂದರು. ಸಾಲದ ಕಂತು ಎದುರಿಗಿತ್ತು. ಒಪ್ಪಿದೆ. ಪಕ್ಕದವರಿಂದ ಗಾಣ ತಂದು, ಎಳೆ ಕಬ್ಬು ಕಡಿದೆ. ಹಾಲು ನೀರು ನೀರು, ಕುದಿಸಿದಷ್ಟೂ ಪಾಕ ಬರಲಿಲ್ಲ. ಹಿಂದಿನ ವರ್ಷದ ಡಬ್ಬಿಯ ಬೆಲ್ಲವನ್ನು ಒಳಗಿಂದ ತಂದು ಬಡಿಸಿದೆ. ಬಂದವರು ಚಪ್ಪಾಳೆ ತಟ್ಟಿದರು, ಫೋಟೋ ಹೊಡೆದರು, ಹೇಳಿದ್ದಕ್ಕಿಂತ ಐನೂರು ಹೆಚ್ಚು ಕೊಟ್ಟರು. ಎಲ್ಲ ಸಾಂಗವಾಯಿತು ಅಂದುಕೊಳ್ಳುವಾಗ ಗುಂಪಿನಲ್ಲಿದ್ದ ವಯಸ್ಸಾದ ಒಬ್ಬರು ಹಿಂದೆ ಉಳಿದರು. ಮಂಡ್ಯ ಕಡೆಯವರು. ಸಿಪ್ಪೆ ಕೈಯಲ್ಲಿ ಹಿಡಿದು ಮೆಲ್ಲಗೆ, “ಇನ್ನೂ ಬಲೀದೆ ಇರೋ ಕಬ್ಬು ಯಾಕಪ್ಪ ಕಡಿದೆ? ನಮಗೋಸ್ಕರವಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಕುದಿಸಿದ್ದು ಹದಿನೈದೇ ದಿನದಲ್ಲಿ ಹುಳಿ ಬಂದು ದನಕ್ಕೆ ಹೋಯಿತು.

ಆ ಹದಿಮೂರು ಜನ ಖುಷಿಯಲ್ಲೇ ಹೋದರಲ್ಲ, ಮತ್ತೇನು ತಕರಾರು ಎಂದು ಮಗ ಕೇಳುತ್ತಾನೆ. ಅವನ ಮಾತು ತೀರಾ ತೆಗೆದುಹಾಕುವಂಥದ್ದಲ್ಲ. ನೋಡುವವನ ಕಣ್ಣಿಗೆ ತಕ್ಕಂತೆ ಕುಣಿದರೆ ದುಡ್ಡಿದೆ. ಆದರೆ ನಾಳೆ ಸುಗ್ಗಿಯಲ್ಲಿ ನಿಜವಾದ ಆಲೆಮನೆ ನಡೆಯುವಾಗ ಅದನ್ನು ಏನೆಂದು ಕರೆಯಲಿ?

ಇನ್ನೊಂದು ಪ್ರಶ್ನೆ, “ಎಲ್ಲಾ ಸಾವಯವ ತಾನೆ?” ಹಳ್ಳಿ ಎಂದರೆ ವಿಷವಿಲ್ಲದ ಜಾಗ ಎಂದು ಅವರ ನಂಬಿಕೆ. ಅನಾನಸಿಗೆ ನಲವತ್ತರ ಆಸುಪಾಸು ಎಲೆ ಬಂದಾಗ ಸುಳಿಗೆ ಎಥ್ರೆಲ್ ಹಾಕುತ್ತೇವೆ, ಒಂದೇ ಸಲ ಹೂ ಬರಲಿ ಎಂದು. ಅಡಿಕೆಗೆ ಮೈಲುತುತ್ತ, ಸುಣ್ಣದ ಬೋರ್ಡೋ. ನೀಲಿ ಕಲೆಯ ಕೊನೆ ಕಂಡು ಒಬ್ಬ ತಾಯಿ ಮಗುವನ್ನು ತೋಟದಿಂದ ಎಳೆದುಕೊಂಡು ಹೋದರು. ಮೊದಮೊದಲು ಹಾರಿಕೆಯ ಉತ್ತರ ಕೊಡುತ್ತಿದ್ದೆ. ಈಗ ಔಷಧಿಯ ಬ್ಯಾರಲನ್ನೇ ತೋರಿಸುತ್ತೇನೆ, ಯಾಕೆ ಹೊಡೆಯುತ್ತೇವೆ ಎಂದು ಕೊಳೆ ಬಂದ ಕಾಯಿ ಕೈಗೆ ಕೊಟ್ಟು ಹೇಳುತ್ತೇನೆ. ಅಚ್ಚರಿಯೆಂದರೆ ಆ ಅರ್ಧ ತಾಸು ತಮಗೆ ಬಹಳ ಹಿಡಿಸಿತು ಎಂದು ಹೋಗುವಾಗ ಹೇಳಿದವರು ಇದ್ದಾರೆ. ಡಿಸೆಂಬರಿನಲ್ಲಿ ರಾತ್ರಿ ಮೆಟ್ಟುಕತ್ತಿ ಹಾಕಿಕೊಂಡು ಅಡಿಕೆ ಸುಲಿಯುವಲ್ಲಿಗೆ ಬಂದು ಹನ್ನೊಂದರವರೆಗೆ ಕೂತವರೂ ಉಂಟು. ಅದನ್ನು ಯಾವ ಚಿತ್ರದಲ್ಲೂ ನೋಡಿ ಬಂದಿರಲಿಲ್ಲ. ನಾವೂ ಅವರಿಗೆಂದು ಮಾಡಿದ್ದಲ್ಲ, ಕೊಯ್ದದ್ದು ಕೆಡಬಾರದಲ್ಲ ಎಂದು ಸುಲಿಯುತ್ತಿದ್ದೆವು.

ಈಗ ನಾನು ಮಾಡಿಕೊಂಡ ಬದಲಾವಣೆ ಇಷ್ಟು. ಫೋನು ಬಂದ ಕೂಡಲೇ ಏನಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಅರಮನೆ ಇಲ್ಲ, ಈಜುಕೊಳ ಇಲ್ಲ, ಅಕ್ಟೋಬರಿನಲ್ಲಿ ಆಲೆಮನೆ ಇಲ್ಲ, ಹಂಚಿನ ಮಾಡು, ಇಲಿ ಓಡಾಡೀತು. ಆಮೇಲೆ ಇರುವುದು. ದೇವಸ್ಥಾನದಲ್ಲಿ ತ್ರಿಲೋಕ ಮಂಟಪ, ಸೋದೆ ಅರಸರ ಕಾಲದ ಕಲ್ಲಿನ ಮಂಚ, ಪ್ರಾಕೃತ ಶಾಸನವಿರುವ ನಾಗರಕಲ್ಲು. ಆ ನಾಗರಕಲ್ಲು ಕದಂಬರಿಗಿಂತ ಹಳೆಯದು, ಅದರ ಮುಂದೆ ಹತ್ತು ನಿಮಿಷ ನಿಲ್ಲಿ ಎನ್ನುತ್ತೇನೆ. ಆ ತಿಂಗಳು ತೆಗೆದ ತೋಟದ ಎರಡು ಚಿತ್ರ ಮೊಬೈಲಿಗೆ ಕಳಿಸುತ್ತೇನೆ, ಕೆಸರಿದ್ದರೆ ಕೆಸರಿನದ್ದೇ. ಹೀಗೆ ಶುರುಮಾಡಿದ ವರ್ಷ ಬರುವವರು ಮೂರರಲ್ಲಿ ಒಂದು ಪಾಲು ಕಡಿಮೆಯಾದರು. ಮಗ ಮುಖ ಊದಿಸಿಕೊಂಡ. ಮರುವರ್ಷ ಬಂದವರಲ್ಲಿ ಕೆಲವರು ಎರಡನೇ ಸಲದವರು, ಕೆಲವರು ಅವರು ಹೇಳಿ ಕಳಿಸಿದವರು. ಸಾಲ ಇನ್ನೂ ಪೂರ್ತಿ ತೀರಿಲ್ಲ, 38,000 ಬಾಕಿ ಇದೆ. ಅಡಿಕೆಯ ಬದಲು ಇದನ್ನೇ ನಂಬಬಹುದೇ ಎಂದು ಕೇಳಿದ ಮಿತ್ರರಿಗೆ ನಾನು ಬೇಡ ಎಂದೇ ಹೇಳಿದ್ದೇನೆ. ತೋಟದ ಗೊಬ್ಬರದ ಖರ್ಚು ಹೊರಟರೆ ನನಗೆ ಸಾಕು.

ಆದರೆ ಇಷ್ಟೆಲ್ಲ ಬರೆದ ಮೇಲೂ ಒಂದು ಲೆಕ್ಕ ಪುಸ್ತಕದಲ್ಲಿ ಸೇರಿರಲಿಲ್ಲ. ಬಂದವರಿಗೆಲ್ಲ ತಂಬುಳಿ, ಅಪ್ಪೆಹುಳಿ, ಹಲಸಿನ ಕಡುಬು ಬೇಕು. ಮಾಡುವವಳು ಒಬ್ಬಳೇ. ಹೋದ ಡಿಸೆಂಬರಿನಲ್ಲಿ ಕೊನೆಗೌಡ ಬಂದ ದಿನವೇ ಎಂಟು ಜನ ಅತಿಥಿಗಳು. ಕೊಯ್ಲಿನವರಿಗೆ, ಸುಲಿಯುವವರಿಗೆ, ಇವರಿಗೆ ಎಲ್ಲ ಬಡಿಸಿ ಮುಗಿಸಿ ರಾತ್ರಿ ನನ್ನ ಹೆಂಡತಿ, “ಯಂಗೆ ಇನ್ನು ಆಗ್ತಿಲ್ಲೆ” ಎಂದು ಕೂತುಬಿಟ್ಟಳು. ಮರುದಿನ ಬೆಳಿಗ್ಗೆ ಅವಳೇ ಪಟ್ಟಿ ಪುಸ್ತಕ ತೆಗೆದುಕೊಂಡು ಕೊನೆಯ ಪುಟದಲ್ಲಿ ಬರೆದಳು: ಕೊಯ್ಲಿನ ದಿನ ಕೋಣೆ ಬಂದ್. ಒಂದು ಸಲಕ್ಕೆ ನಾಲ್ಕೇ ಜನ. ಊಟ ಮನೆಯಲ್ಲಿ ಆ ದಿನ ಏನು ಮಾಡಿದೆಯೋ ಅದೇ. ಕೋಣೆಯ ದುಡ್ಡಿನಲ್ಲಿ ಅರ್ಧ ಅವಳ ಖಾತೆಗೆ. ಈ ಜನವರಿಯಿಂದ ಹಾಗೇ ನಡೆಯುತ್ತಿದೆ.