ಹುಟ್ಟಿನ ಬಿರುಕು, ದುಡಿಮೆಯ ಸವೆತ

ಜಾಲಹಳ್ಳಿಯಲ್ಲಿ ಎಚ್‌ಎಂಟಿ ಯಂತ್ರ ಕಾರ್ಖಾನೆ ಹುಟ್ಟಿದ್ದು 1953ರಲ್ಲಿ. ಮೊದಲ ಲೇತು ಎಚ್‌-22. ಅದರ ವಿದ್ಯೆ ಕಲಿಸಿದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್; ಎರಡನೇ ಮಹಾಯುದ್ಧದಲ್ಲಿ 20 ಮಿಲಿಮೀಟರಿನ ವಿಮಾನನಿರೋಧಕ ತೋಪಿಗೆ ಹೆಸರಾದ ಕಂಪನಿಯೂ ಅದೇ. ತೋಪು ಮಾಡುವವರಿಗೂ ಲೇತು ಮಾಡುವವರಿಗೂ ಬೇಕಾದದ್ದು ಲೋಹದೊಳಗಿನ ತಪ್ಪನ್ನು ಹಿಡಿಯುವ ಕಣ್ಣು.

ಹಳೆಯ ಲೇತಿನ ಗೇರೋ ಹಳೆಯ ಬಂದೂಕಿನ ಭಾಗವೋ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು ಇದು: ಈ ಗೆರೆ ಕಾರ್ಖಾನೆಯಲ್ಲೇ ಬಂದದ್ದೋ, ದುಡಿದು ಬಂದದ್ದೋ? ಸವೆದದ್ದನ್ನು ಬದಲಿಸಬಹುದು. ಹುಟ್ಟಿನಿಂದಲೇ ಬಿರುಕಿದ್ದರೆ ಆ ಭಾಗವನ್ನು ನಂಬುವ ಹಾಗಿಲ್ಲ.

ಜಿಡ್ಡು ತೊಳೆದು, ಭಾಗವನ್ನು ಸೀಮೆಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿನಲ್ಲಿ ಇಳಿದ ಎಣ್ಣೆ ಸ್ವಲ್ಪ ಹೊತ್ತಿಗೆ ಪುಡಿಗೆ ಹತ್ತಿ ಕಪ್ಪು ಗೆರೆಯಾಗಿ ಕಾಣುತ್ತದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಗಾಲಿ ಅಚ್ಚುಗಳನ್ನು ಹೀಗೇ ನೋಡುತ್ತಿದ್ದರು. ಕಂಡ ಗೆರೆಯೆಲ್ಲ ಬಿರುಕಲ್ಲ. ಟೂಲಿನ ಗುರುತು ಟೂಲು ಸಾಗಿದ ದಾರಿಯಲ್ಲೇ, ಒಂದೇ ಅಂತರದಲ್ಲಿ ಇರುತ್ತದೆ. ಬಿರುಕು ಆ ದಾರಿಯನ್ನು ಲೆಕ್ಕಿಸದೆ ಅಡ್ಡ ಹಾಯುತ್ತದೆ. ಎರಕದಲ್ಲಿ ಗಾಳಿ ಸಿಕ್ಕಿ ಆದ ಗುಳ್ಳೆ ದುಂಡಗೆ, ಒಳಗೆ ನುಣುಪಾಗಿರುತ್ತದೆ. ಲೋಹ ಆರುವಾಗ ಕುಗ್ಗಿ ಆದ ಪೊಳ್ಳು ಒರಟು, ಅದು ದಪ್ಪ ಜಾಗದಲ್ಲೇ ಕೂರುವುದು ಹೆಚ್ಚು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಹದದ ತಪ್ಪು. ಕಾಯಿಸಿದ ಉಕ್ಕನ್ನು ಎಣ್ಣೆಗೋ ನೀರಿಗೋ ಅದ್ದಿದಾಗ ಕೀಲಿ ಕೂರುವ ತೋಡಿನ (ಕೀ-ವೇ) ಚೂಪು ಮೂಲೆಯಲ್ಲಿ ಬಿರುಕು ಹುಟ್ಟಬಹುದು. ಆಮೇಲೆ ಮತ್ತೆ ಕಾಯಿಸಿ ಹದ ಇಳಿಸುವಾಗ ಆ ಸೀಳಿನೊಳಗೂ ಕಾವಿನ ಬಣ್ಣ ಹತ್ತುತ್ತದೆ. ಒಡೆದ ಭಾಗದ ಅಂಚಿನಲ್ಲಿ ನೀಲಿಯೋ ಕಪ್ಪೋ ಕಂಡರೆ, ತುಕ್ಕಿನ ಕಂದಲ್ಲವಾದರೆ, ಬಿರುಕು ಕುಲುಮೆಯ ಬಳಿಯೇ ಹುಟ್ಟಿದ್ದು. ದುಡಿದು ದಣಿದು ಒಡೆದ ಭಾಗದಲ್ಲಿ ಕೆರೆಯ ದಡದ ನೀರಿನ ಗೆರೆಗಳಂಥ ವಕ್ರ ಪಟ್ಟೆಗಳು ಒಂದು ಬಿಂದುವಿನಿಂದ ಹರಡಿರುತ್ತವೆ.

ಹದವನ್ನು ಕಣ್ಣಳತೆಯಲ್ಲಿ ನಂಬಿದ್ದಕ್ಕೆ ಅಮೆರಿಕ ತೆತ್ತ ಬೆಲೆಯೂ ಇದೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903ರ ಮಾದರಿ ಬಂದೂಕುಗಳ ಗುಂಡು ಹಿಡಿಯುವ ಭಾಗ (ರಿಸೀವರ್) 1917ರಲ್ಲಿ ಒಡೆಯತೊಡಗಿತು. ಕುಲುಮೆಯವರು ಕೆಂಪಿನ ಬಣ್ಣ ನೋಡಿ ಶಾಖ ಅಂದಾಜಿಸುತ್ತಿದ್ದರು. ಬಿಸಿಲಿನ ದಿನದ ಬೆಳಕಿನಲ್ಲಿ ಕಾದ ಉಕ್ಕು ಮಸುಕಾಗಿ ಕಂಡು, ಇನ್ನೂ ಕಾಯಿಸಿ ಸುಟ್ಟುಬಿಡುತ್ತಿದ್ದರು. ಉಷ್ಣಮಾಪಕ ಬಂತು, ಎರಡು ಹಂತದ ಹದ ಬಂತು. 1918ರಲ್ಲಿ 8,00,000ದ ಆಸುಪಾಸಿನ ಕ್ರಮಸಂಖ್ಯೆಯ ಬಂದೂಕಿನಿಂದ ಹೊಸ ವಿಧಾನ. ಅದಕ್ಕಿಂತ ಕಡಿಮೆ ಸಂಖ್ಯೆಯ ಬಂದೂಕುಗಳು ನೋಡಲು ಎಷ್ಟು ಚೆಂದವಿದ್ದರೂ ಅವುಗಳಿಂದ ಗುಂಡು ಹಾರಿಸಬಾರದೆಂದು ತಿಳಿದವರು ಹೇಳುತ್ತಾರೆ. ಮೇಲ್ಮೈಯಲ್ಲಿ ಆ ತಪ್ಪು ಕಾಣುವುದೇ ಇಲ್ಲ, ಸೀಮೆಸುಣ್ಣವೂ ಹಿಡಿಯದು.

ಲೇತಿನ ಭಾಗದಲ್ಲಿ ಸಣ್ಣ ಬಿರುಕು ಕಂಡು ಅದನ್ನು ಇಟ್ಟುಕೊಳ್ಳಲೇಬೇಕಾದರೆ ಅದರ ಎರಡೂ ತುದಿಯಲ್ಲಿ ಪಂಚ್‌ನಿಂದ ಚುಕ್ಕಿ ಹೊಡೆದಿಡಿ. ತಿಂಗಳ ನಂತರ ಗೆರೆ ಚುಕ್ಕಿ ದಾಟಿದ್ದರೆ ಭಾಗವನ್ನು ಗುಜರಿಗೆ ಹಾಕಿ.